ನಾಲ್ಕನೇ ಮಹಡಿಯ ವಾಸನೆ

2018ರ ಅಕ್ಟೋಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಸೊಸೈಟಿಯವರೆಲ್ಲ ಸೇರಿ ಸತ್ತ ಇಲಿಯನ್ನು ಹುಡುಕಿದೆವು. ಎರಡನೇ ಮಹಡಿಯ ಕಾಕೂ ಮೂಗಿಗೆ ಸೆರಗು ಹಿಡಿದುಕೊಂಡು ಹೊರಗೆ ಬಂದು, 'ಉಂದೀರ್ ಮೇಲಾ ಆಹೆ' ಎಂದು ಘೋಷಿಸಿದ್ದೇ ಕಾರಣ. ವಾಚ್‌ಮನ್ ಟಾರ್ಚ್ ಹಿಡಿದು ಡಕ್ಟ್ ಒಳಗೆ ಇಳಿದ. ಪೈಪ್‌ಗಳ ಹಿಂದೆ ಕೋಲು ಆಡಿಸಿದ. ಒಂದು ಹಳೆಯ ಶಟಲ್ ಕಾಕ್, ಎರಡು ಬಟ್ಟೆ ಕ್ಲಿಪ್ಪು, ಯಾರದೋ ಒಂದು ಕಾಲ್ಚೀಲ ಸಿಕ್ಕಿತು. ಇಲಿ ಸಿಗಲಿಲ್ಲ.

ಸಿಗುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಆ ವಾಸನೆ ಮೂಗಿಗೆ ಬಿದ್ದ ಕ್ಷಣದಲ್ಲೇ ಅದು ಏನು ಎಂದು ಗೊತ್ತಾಗಿತ್ತು. ಒಣಗಿಸಿದ ಸಿಗಡಿ ಬೆಂಕಿ ಕಂಡಾಗ ಬರುವ ವಾಸನೆ ಅದು. ಕುಂದಾಪುರದ ಕಡೆ ನಾವು ಚಟ್ಲಿ ಎನ್ನುತ್ತೇವೆ. ಮಳೆಗಾಲದಲ್ಲಿ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯದಿದ್ದಾಗ ನಮ್ಮ ಮನೆಯಲ್ಲಿ ಗಂಜಿಗೆ ಇದ್ದದ್ದು ಅದೇ. ಒಣ ಚಟ್ಲಿ ಹುರಿದು, ಕಾಯಿತುರಿ, ಒಣಮೆಣಸು, ಹುಳಿ ಇಟ್ಟು ಅರೆದ ಚಟ್ನಿ. ನಲವತ್ತು ದಾಟಿದ ಗಂಡಸು ನಾನು, ವಾಚ್‌ಮನ್‌ಗೆ ಟಾರ್ಚ್ ಹಿಡಿದು ತೋರಿಸುತ್ತಾ ನಿಂತಿದ್ದೆ, ಬಾಯಲ್ಲಿ ನೀರು ತುಂಬಿಕೊಂಡಿತ್ತು. ಹೇಳಲಿಲ್ಲ.

ಸಂಜೆಯ ಹೊತ್ತಿಗೆ ಮೂಲ ಪತ್ತೆಯಾಯಿತು: ನಾಲ್ಕನೇ ಮಹಡಿ, ನಮ್ಮ ಮನೆಯ ನೆತ್ತಿಯ ಮೇಲಿನ ಫ್ಲ್ಯಾಟು. ಓನರ್ ಮುಂಬೈಯಲ್ಲಿದ್ದಾರೆ. ಬಾಡಿಗೆಗಿದ್ದವರು ಮೂವರು ಹುಡುಗಿಯರು, ಮಾಸ್ಟರ್ಸ್ ಓದಲು ಬಂದವರು, ಅವರಲ್ಲೊಬ್ಬಳು ಮಲೇಷ್ಯಾದವಳು. 'ಫಾರಿನ್‌ನವರು ಏನೇನೋ ತಿಂತಾರೆ' ಎಂಬ ಮಾತು ಲಿಫ್ಟಿನಲ್ಲಿ ಎರಡು ಸಲ ಕೇಳಿಸಿತು. ಅವತ್ತೇ ರಾತ್ರಿ ಕಮಿಟಿ ಸೇರಿತು. ನಾನು ಸೆಕ್ರೆಟರಿ. ಸೆಕ್ರೆಟರಿ ಆದದ್ದು ಯಾವ ಅರ್ಹತೆಯಿಂದಲೂ ಅಲ್ಲ, 'ನಿಮ್ಮ ಇಂಗ್ಲಿಷ್ ಡ್ರಾಫ್ಟಿಂಗ್ ಚೆನ್ನಾಗಿದೆ' ಎಂದು ಚೇರ್‌ಮನ್ ಕಾಕಾ ಹೊರಿಸಿದ ಕೆಲಸ. ನೋಟಿಸ್ ಬರೆಯುವುದೂ ನನ್ನ ಪಾಲಿಗೇ ಬಂತು.

ಚೆನ್ನಾಗಿಯೇ ಬರೆದೆ. ನೀವೂ ಐಟಿಯಲ್ಲಿದ್ದರೆ ನಿಮಗೆ ಈ ವಿದ್ಯೆ ಗೊತ್ತಿರುತ್ತದೆ. ಕ್ಲೈಂಟಿಗೆ ಎಸ್ಕಲೇಷನ್ ಮೇಲ್ ಬರೆಯುವಾಗ ಯಾರ ಹೆಸರನ್ನೂ ಹೇಳಬಾರದು, ಯಾರ ಬಗ್ಗೆ ಎಂಬುದು ಮಾತ್ರ ಎಲ್ಲರಿಗೂ ತಿಳಿಯಬೇಕು. 'ಇತರ ನಿವಾಸಿಗಳಿಗೆ ತೀವ್ರ ಅನನುಕೂಲ ಉಂಟುಮಾಡುವ ಅಡುಗೆಯನ್ನು ದಯವಿಟ್ಟು ನಿಲ್ಲಿಸಬೇಕು, ತಪ್ಪಿದಲ್ಲಿ ಫ್ಲ್ಯಾಟಿನ ಮಾಲೀಕರ ಗಮನಕ್ಕೆ ತರಲಾಗುವುದು' ಎಂಬ ಅರ್ಥ ಬರುವ ನಾಲ್ಕು ಸಾಲು. ಪಿಡಿಎಫ್ ಮಾಡಿ ಸೊಸೈಟಿಯ ಐಡಿಯಿಂದ ಎಲ್ಲ ಫ್ಲ್ಯಾಟುಗಳಿಗೂ ಕಳಿಸಿದೆ. ಕೆಳಗೆ 'ಮ್ಯಾನೇಜಿಂಗ್ ಕಮಿಟಿ' ಎಂದಷ್ಟೇ ಇತ್ತು.

ಇಷ್ಟಕ್ಕೂ ನಾನು ಯಾಕೆ ಬಾಯಿ ಬಿಡಲಿಲ್ಲ? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಸುರತ್ಕಲ್ಲಿನಲ್ಲಿ ಎಂಟೆಕ್ ಮುಗಿಸಿ, ಬೆಂಗಳೂರಿನಲ್ಲಿ ಒಂದೆರಡು ವರ್ಷ ಇದ್ದು, 2005ರಲ್ಲಿ ಹಿಂಜೆವಾಡಿಯ ಕೆಲಸ ಹಿಡಿದು ಪುಣೆಗೆ ಬಂದವನು ನಾನು. ಯಾವ ಊರು ಎಂದು ಕೇಳಿದವರಿಗೆ ಗಂಗೊಳ್ಳಿ ಎಂದರೆ ಅರ್ಥವಾಗುವುದಿಲ್ಲ, ಕುಂದಾಪುರ ಎಂದರೂ ಇಲ್ಲ. ಉಡುಪಿ ಎಂದರೆ ಮಾತ್ರ ಮುಖ ಅರಳುತ್ತದೆ. 'ಅರೆ ವಾ, ಉಡುಪಿ! ಇಡ್ಲಿ, ದೋಸೆ, ಪ್ಯೂರ್ ವೆಜ್!' ಪುಣೆಯಲ್ಲಿ ಈ ಭಾವನೆ ಬೇರೂರಲು ಕಾರಣವೂ ಇದೆ. ಫರ್ಗ್ಯುಸನ್ ರಸ್ತೆಯ ವೈಶಾಲಿ, ರೂಪಾಲಿಗಳನ್ನು ಕಟ್ಟಿ ಬೆಳೆಸಿದ ಜಗನ್ನಾಥ ಶೆಟ್ಟರು ನಮ್ಮ ಕಡೆಯವರೇ. 2023ರಲ್ಲಿ ಅವರು ತೀರಿಕೊಂಡಾಗ ನನ್ನ ಮರಾಠಿ ಸಹೋದ್ಯೋಗಿಗಳು ತಮ್ಮ ಕಾಲೇಜು ದಿನಗಳನ್ನೇ ಕಳೆದುಕೊಂಡವರಂತೆ ಮಾತಾಡಿದರು. ಅವರ ಕಣ್ಣಲ್ಲಿ ಉಡುಪಿಯವನೆಂದರೆ ಬಿಳಿ ಪಂಚೆ, ತಾಮ್ರದ ತಂಬಿಗೆ, ಸಾಂಬಾರಿನ ಬಕೆಟ್ಟು. ನಾನು ಮನೆ ಹುಡುಕುವಾಗ ಬ್ರೋಕರ್ ಫೋನಿನಲ್ಲಿ ಓನರ್‌ಗೆ 'ಉಡುಪಿ ಕಾ ಹೈ, ನಾನ್‌ವೆಜ್ ಕಾ ಪ್ರಶ್ನಚ್ ನಾಹೀ' ಎಂದು ಹೇಳಿಬಿಟ್ಟ. ನಾನು ತಿದ್ದಲಿಲ್ಲ. ತಿದ್ದಿದ್ದರೆ ಮನೆ ಸಿಗುತ್ತಿರಲಿಲ್ಲವೋ ಏನೋ. ಆದರೆ ಮುಂದೆ ಸಾಲ ಮಾಡಿ ಸ್ವಂತ ಫ್ಲ್ಯಾಟು ಕೊಂಡ ಮೇಲೂ ತಿದ್ದಲಿಲ್ಲವಲ್ಲ, ಅದಕ್ಕೆ ನೆಪವಿಲ್ಲ.

ಹದಿಮೂರು ವರ್ಷ ನಾವು ಮೀನನ್ನು ಕಳ್ಳಸಾಗಣೆ ಮಾಡಿದವರ ಹಾಗೆ ತಿಂದೆವು. ಹಸಿ ಮೀನಿಗೆ ಅಷ್ಟು ತೊಂದರೆ ಇಲ್ಲ, ಬಂಗಡೆ ಸಾರು ಕುದಿಯುವಾಗ ಕಿಟಕಿ ಹಾಕಿ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿದರೆ ಸಾಕು. ಒಣಮೀನು ಹಾಗಲ್ಲ. ಊರಿಂದ ಸ್ಲೀಪರ್ ಬಸ್ಸಿನಲ್ಲಿ ತರುವಾಗ ಮೂರು ಪ್ಲಾಸ್ಟಿಕ್ ಕವರು, ಅದರ ಮೇಲೆ ಪೇಪರು, ಅದರ ಮೇಲೊಂದು ಹಳೆಯ ಟವೆಲು. ಹುಬ್ಬಳ್ಳಿ ದಾಟುವಷ್ಟರಲ್ಲಿ ಅಷ್ಟೆಲ್ಲವನ್ನೂ ಸೀಳಿಕೊಂಡು ಅದು ತನ್ನ ಇರವನ್ನು ಸಾರುತ್ತಿತ್ತು. ಮನೆಯಲ್ಲಿ ಹುರಿಯಬೇಕಾದರೆ ಹೋಳಿಯ ದಿನವೋ, ಗಣಪತಿ ವಿಸರ್ಜನೆಯ ದಿನವೋ ಬಿಲ್ಡಿಂಗ್ ಖಾಲಿಯಾಗುವುದನ್ನು ಕಾಯುತ್ತಿದ್ದೆವು. ಹುರಿದ ಕೂಡಲೇ ನನ್ನ ಹೆಂಡತಿ ಎರಡು ಊದುಬತ್ತಿ ಹಚ್ಚುತ್ತಿದ್ದಳು. ನನ್ನ ಮಗಳು ಚಿಕ್ಕವಳಿದ್ದಾಗ ಊದುಬತ್ತಿಯ ಪರಿಮಳಕ್ಕೆ 'ಇವತ್ತು ಮೀನಾ?' ಎಂದು ಕೇಳುತ್ತಿದ್ದಳು.

ಹೀಗಿದ್ದ ನಾನು ಆ ನೋಟಿಸ್ ಬರೆದದ್ದು.

ದೀಪಾವಳಿ ಕಳೆದ ಮೇಲೆ ಅಮ್ಮ ಊರಿಂದ ಬಂದರು. ಬಂದು ನಾಲ್ಕನೇ ದಿನವೋ ಐದನೇ ದಿನವೋ, ಬೆಳಗಿನ ಆರು ಗಂಟೆ. ನಾನು ಇನ್ನೂ ಹಾಸಿಗೆಯಲ್ಲಿದ್ದೆ. ಅಡುಗೆಮನೆಯಿಂದ ಅಮ್ಮನ ದನಿ, ಹಬ್ಬ ಬಂದವರ ಹಾಗೆ:

'ಹ್ವಾಯ್, ಯಾರೋ ಒಣ ಚಟ್ಲಿ ಹುರಿತಾ ಇದ್ರ್ ಕಾಣ್! ಇಲ್ಲೂ ನಮ್ಮೋರ್ ಇದ್ರಾ?'

ಎದ್ದು ಹೋಗಿ ಮೆಲ್ಲಗೆ ಹೇಳಿದೆ, ಅದು ನಮ್ಮವರಲ್ಲ, ಮಲೇಷ್ಯಾದ ಹುಡುಗಿ, ಅದರ ಮೇಲೆ ಕಂಪ್ಲೇಂಟ್ ಆಗಿದೆ, ನೋಟಿಸ್ ಹೋಗಿದೆ. ನೋಟಿಸ್ ಯಾರು ಬರೆದದ್ದು ಎಂದು ಹೇಳಲಿಲ್ಲ. ಅಮ್ಮ ನನ್ನ ಮುಖವನ್ನೇ ನೋಡಿದರು. 'ನಿಂಗ್ ಮೂಗ್ ಇಲ್ಯಾ? ಚಟ್ಲಿ ವಾಸ್ನಿ ಗೊತ್ತಾತಿಲ್ಯಾ?' ಎಂದವರೇ, ಸೀರೆ ಸರಿ ಮಾಡಿಕೊಂಡು, 'ನಾನ್ ಹೋಯ್ ಕಂಡ್ಕಂಡ್ ಬತ್ತೆ' ಎಂದು ಮೆಟ್ಟಿಲು ಹತ್ತಿಯೇ ಬಿಟ್ಟರು. ಲಿಫ್ಟಿನ ಭಯ ಅವರಿಗೆ.

ಅರ್ಧ ಗಂಟೆಯಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ಅಮ್ಮ ಮೇಲಿನ ಮನೆಯ ಅಡುಗೆಕಟ್ಟೆಯ ಎದುರು ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಆ ಹುಡುಗಿ ಗಾಬರಿಯ ಕಣ್ಣು ಬಿಟ್ಟು ಪಕ್ಕದಲ್ಲಿ ನಿಂತಿದ್ದಾಳೆ. ಬಾಗಿಲು ತಟ್ಟಿದ್ದು ಕೇಳಿ ಸೊಸೈಟಿಯವರು ಜಗಳಕ್ಕೆ ಬಂದರೆಂದೇ ಅವಳು ಗ್ಯಾಸ್ ಆರಿಸಿ, ಸಾಮಾನನ್ನು ಸಿಂಕಿನ ಕೆಳಗೆ ಬಚ್ಚಿಟ್ಟಿದ್ದಳಂತೆ. ಅಮ್ಮ ಅದನ್ನು ಹೊರಗೆ ತೆಗೆಸಿ, ಮೂಸಿ ನೋಡಿ, ಉಗುರಿನಿಂದ ಚೂರು ಕೆರೆದು ಬಾಯಿಗೂ ಹಾಕಿಕೊಂಡಿದ್ದರು.

ಅದರ ಹೆಸರು ಬ್ಲಚಾನ್. ನೋಡಲು ಕಡುಕಂದು ಬಣ್ಣದ ಸಾಬೂನಿನ ಬಿಲ್ಲೆಯಂತೆ. ಕಡಲಂಚಿನಲ್ಲಿ ಸಿಗುವ ಅತಿ ಪುಟ್ಟ ಸಿಗಡಿಗೆ ಉಪ್ಪು ಬೆರೆಸಿ, ಬಿಸಿಲಲ್ಲಿ ಒಣಗಿಸಿ, ಕುಟ್ಟಿ, ಹುಳಿಬರಿಸಿ, ಮತ್ತೆ ಒಣಗಿಸಿ ಅಚ್ಚು ಮಾಡುತ್ತಾರೆ. ಅಡುಗೆಗೆ ಮುಂಚೆ ಚೂರು ಮುರಿದು ಬೆಂಕಿಯಲ್ಲಿ ಸುಡಬೇಕು, ಆಗಲೇ ವಾಸನೆ ಏಳುವುದು. ಆ ಪುಟ್ಟ ಸಿಗಡಿಯನ್ನೇ ಮಹಾರಾಷ್ಟ್ರದ ಕರಾವಳಿಯಲ್ಲಿ ಜವಳಾ ಎಂದು ಕರೆದು ಒಣಗಿಸಿ ಮಾರುತ್ತಾರೆ. ಎರಡೂ ಅಸಿಟಿಸ್ ಎಂಬ ಒಂದೇ ಕುಲದವು. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅಮ್ಮನಿಗೆ ಓದಬೇಕಾಗಿರಲಿಲ್ಲ.

ಹುಡುಗಿ ಇಪೋ ಎಂಬ ಊರಿನವಳು, ಪೆರಾಕ್ ರಾಜ್ಯದ್ದು. ಮನೆಮಾತು ತಮಿಳು. ಮುತ್ತಜ್ಜ ತಮಿಳುನಾಡಿನಿಂದ ರಬ್ಬರ್ ತೋಟದ ಕೂಲಿಗೆ ಹೋದವರು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವಳನ್ನು ಕೇಳಿಲ್ಲ. ಅಮ್ಮ ಅವಳನ್ನು 'ಹೆಣ್ಣೆ' ಎಂದೇ ಕರೆಯುತ್ತಿದ್ದರು. ಅಮ್ಮನ ಕುಂದಾಪುರ ಕನ್ನಡ, ಅವಳ ಮಲೇಷ್ಯಾ ತಮಿಳು: ಮೀನಿಗೆ ಮೀನು, ಉಪ್ಪಿಗೆ ಉಪ್ಪು, ತೆಂಗಿಗೆ ತೆಂಗು, ಹುಳಿಗೆ ಪುಳಿ. ಅಡುಗೆಯ ಮಟ್ಟಿಗೆ ಅಷ್ಟು ಶಬ್ದ ಸಾಕಾಗುತ್ತಿತ್ತು. ಅವಳೊಮ್ಮೆ ಡಬ್ಬಿಯಿಂದ ಕಪ್ಪಗೆ ಒಣಗಿದ ಹುಳಿಯ ಚೂರುಗಳನ್ನು ತೋರಿಸಿ 'ಆಸಾಂ' ಎಂದಾಗ ಅಮ್ಮ 'ಇದ್ ಉಪ್ಪಾಗೆ ಜಾತಿದಲ್ದಾ!' ಎಂದರು. ಸರಿಯಾಗಿಯೇ ಹೇಳಿದ್ದರು. ನಮ್ಮ ಉಪ್ಪಾಗೆ, ಪುನರ್ಪುಳಿ, ಅವರ ಆಸಾಂ ಮೂರೂ ಗಾರ್ಸಿನಿಯಾ ಕುಲದ ಮರಗಳು.

ಅವಳ ಕಷ್ಟ ನನಗೆ ಅರ್ಥವಾಗಲು ಸ್ವಲ್ಪ ದಿನ ಹಿಡಿಯಿತು. ಪುಣೆಗೆ ಬಂದಾಗಿನಿಂದ ಎಲ್ಲರೂ ಅವಳಿಗೆ ಹೇಳುತ್ತಿದ್ದುದು ಒಂದೇ ಮಾತು: 'ನೀನು ತಮಿಳಿನವಳಲ್ಲವಾ, ಇಲ್ಲಿ ಬೇಕಾದಷ್ಟು ಸೌತ್ ಇಂಡಿಯನ್ ಸಿಗುತ್ತದೆ.' ಗೆಳತಿಯರು ಮೊದಲ ವಾರವೇ ಅವಳನ್ನು ವೈಶಾಲಿಗೆ ಕರೆದುಕೊಂಡು ಹೋಗಿದ್ದರು. ಮನೆಯವರೂ ಅಷ್ಟೇ, 'ಇಂಡಿಯಾಕ್ಕೆ ಹೋಗುತ್ತಿದ್ದೀಯ, ಊಟಕ್ಕೇನು ಚಿಂತೆ' ಎಂದು ಕಳಿಸಿದ್ದರು. ಮುತ್ತಜ್ಜನ ದೇಶ ತಾನೇ. ಆದರೆ ಅವಳ ನಾಲಿಗೆ ಮುತ್ತಜ್ಜನದ್ದಲ್ಲ. ರಾತ್ರಿ ಎರಡು ಗಂಟೆಗೂ ತೆರೆದಿರುವ ಮಾಮಕ್ ಅಂಗಡಿಯ ರೊಟ್ಟಿ ಚನಾಯ್, ಎತ್ತರದಿಂದ ಎಳೆದು ಸುರಿದ ತೆ ತಾರಿಕ್ ಚಹಾ, ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಬಾಳೆಲೆಯ ಪೊಟ್ಟಣದಲ್ಲಿ ಸಿಗುವ ನಾಸಿ ಲೆಮಾಕ್. ಅವಳಿಗೆ ಬೇಕಾಗಿದ್ದದ್ದು ಅದು. ದೋಸೆ ಅವಳ ಊರಲ್ಲೂ ಇದೆ, ತೋಸೈ ಎನ್ನುತ್ತಾರೆ, ಆದರೆ ಪಕ್ಕದಲ್ಲಿ ಕೆಂಪಗೆ ಒಂದಿಷ್ಟು ಸಂಬಲ್ ಇರುತ್ತದೆ. 'ಇಲ್ಲಿಯ ದೋಸೆ ತಿಂದಾಗಲೇ ಆಂಟಿ ಜಾಸ್ತಿ ನೆನಪಾಗುವುದು' ಎಂದು ಅವಳು ನನ್ನ ಹೆಂಡತಿಗೆ ಹೇಳಿದಳು. 'ಚೀನಾಕ್ಕೋ ರಷ್ಯಾಕ್ಕೋ ಹೋಗಿದ್ದರೆ ಎಲ್ಲವೂ ಬೇರೆಯೇ ಅಂತ ಸುಮ್ಮನಿರುತ್ತಿದ್ದೆ. ಇಲ್ಲಿ ಎಲ್ಲವೂ ಪಕ್ಕದಲ್ಲೇ ಬಂದು ತಪ್ಪಿಹೋಗುತ್ತದೆ.'

ಇದಕ್ಕೆ ತಿರುಗಿದ ಕಥೆಯೂ ಅವಳ ಬಳಿ ಇತ್ತು. ನಾನು ಮಣಿಪಾಲದ ಹತ್ತಿರದವನೆಂದಾಗ ಅವಳು ಕುಣಿದಾಡಿದಳು. ಮೆಲಾಕಾ ಮಣಿಪಾಲ್ ಮೆಡಿಕಲ್ ಕಾಲೇಜು 1997ರಲ್ಲಿ ಶುರುವಾದ ಮೇಲೆ ಮಲೇಷ್ಯಾದ ಹುಡುಗ ಹುಡುಗಿಯರು ಎಂಬಿಬಿಎಸ್‌ನ ಮೊದಲ ಭಾಗಕ್ಕೆ ಮಣಿಪಾಲಕ್ಕೆ ಬಂದು, ಉಳಿದದ್ದಕ್ಕೆ ಮೆಲಾಕಾಕ್ಕೆ ಮರಳುತ್ತಿದ್ದರು. ನಾನು ಸುರತ್ಕಲ್ಲಿನಲ್ಲಿದ್ದಾಗ ವಾರಾಂತ್ಯಕ್ಕೆ ಊರಿಗೆ ಹೋಗುವ ಬಸ್ಸುಗಳಲ್ಲಿ ಅವರನ್ನು ನೋಡಿದ್ದೆ. ಅವಳ ಇಪೋದ ಫ್ಯಾಮಿಲಿ ಡಾಕ್ಟರ್ ಮಣಿಪಾಲದಲ್ಲಿ ಓದಿದವರಂತೆ. ಜ್ವರಕ್ಕೆ ಔಷಧಿ ಬರೆಯುತ್ತಲೇ ಉಡುಪಿಯ ಡಯಾನಾದ ಗಡ್‌ಬಡ್ ಐಸ್‌ಕ್ರೀಮಿನ ಸುದ್ದಿ ತೆಗೆಯುತ್ತಿದ್ದರಂತೆ. ಆ ಬಸ್ಸುಗಳಲ್ಲಿ ನನ್ನ ಪಕ್ಕ ನಿಂತಿದ್ದ ಆ ಮಕ್ಕಳಿಗೂ ಹಾಸ್ಟೆಲಿನಲ್ಲಿ ಏನು ನೆನಪಾಗುತ್ತಿತ್ತೋ. ಆಗ ಒಂದು ಸಲವೂ ಯೋಚಿಸಿರಲಿಲ್ಲ.

ಅಮ್ಮ ನಿರ್ಧಾರ ಮಾಡಿಬಿಟ್ಟರು: ಹೆಣ್ಣಿಗೆ ಅವಳ ಊರಿನ ಅನ್ನ ನಮ್ಮ ಮನೆಯಲ್ಲೇ ಆಗಬೇಕು. ನಾಸಿ ಎಂದರೆ ಅನ್ನ, ಲೆಮಾಕ್ ಎಂದರೆ ಜಿಡ್ಡು, ಕಾಯಿಹಾಲಿನ ಕೊಬ್ಬು. ಕಾಯಿಹಾಲಿನಲ್ಲಿ ಬೇಯಿಸಿದ ಅನ್ನ, ಪಕ್ಕಕ್ಕೆ ಸಂಬಲ್, ಹುರಿದ ಪುಟ್ಟ ಒಣಮೀನು, ಶೇಂಗಾ, ಸೌತೆಕಾಯಿ, ಬೇಯಿಸಿದ ಮೊಟ್ಟೆ. ಮೀನು ಅಮ್ಮನ ಚೀಲದಲ್ಲೇ ಇತ್ತು. ಕಾಯಿ ತುರಿದು ಹಿಂಡುವುದು ಅಮ್ಮನಿಗೆ ಹೇಳಿಕೊಡಬೇಕಾದ ಕೆಲಸವಲ್ಲ, ಕ್ಯಾಂಪಿನ ದೋರಾಬ್ಜಿ ಅಂಗಡಿಯಿಂದ ನಾನು ತಂದ ಡಬ್ಬಿಯ ಕಾಯಿಹಾಲನ್ನು ಅವರು ಮೂಸಿ ಬದಿಗಿಟ್ಟರು. ಇಲ್ಲದ್ದು ಒಂದೇ, ಅನ್ನಕ್ಕೆ ಗಂಟು ಕಟ್ಟಿ ಹಾಕುವ ಪಾಂಡನ್ ಎಲೆ. ಅದಿಲ್ಲದೆ ಅದು ಬರೀ ಕಾಯನ್ನ ಎಂದಳು.

ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಎಂಟೆಕ್ ಮಾಡಿದವನಿಗೆ ಇಂಥದ್ದು ಸಿಕ್ಕರೆ ಬಿಡಲಾಗುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಬಾಸ್ಮತಿಗೂ ಥಾಯ್ ಜಾಸ್ಮಿನ್ ಅಕ್ಕಿಗೂ ಪರಿಮಳ ಕೊಡುವ ಮುಖ್ಯ ಸಂಯುಕ್ತದ ಹೆಸರು 2-ಅಸಿಟೈಲ್-1-ಪೈರೋಲಿನ್. ಅದು ಅನ್ನದಲ್ಲಿದೆ ಎಂದು ಅಮೆರಿಕದ ವಿಜ್ಞಾನಿಗಳು 1982ರಲ್ಲಿ ಗುರುತಿಸಿದರು. ಮರುವರ್ಷವೇ ಪಾಂಡನ್ ಎಲೆಯಲ್ಲಿ ಅದೇ ಸಿಕ್ಕಿತು. ನಮ್ಮ ಪುಣೆ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲೇ ಈ ಎಲೆಯ ಪರಿಮಳದ ಮೇಲೆ ಸಂಶೋಧನೆ ನಡೆದಿದೆ. ಇನ್ನೂ ಮಜದ ಸಂಗತಿ, ಮುಳಶಿ, ಮಾವಳದ ಕಡೆ ಬೆಳೆಯುವ ಆಂಬೆಮೊಹರ್ ಅಕ್ಕಿಯಲ್ಲೂ ಅದೇ ಇದೆ. ಮಾವಿನ ಹೂವಿನ ಘಮ ಎಂದು ಆ ಹೆಸರು. ಅಂದರೆ ಎಲೆಯಿಲ್ಲದೆ ಆಂಬೆಮೊಹರಿನಲ್ಲೇ ನಾಸಿ ಲೆಮಾಕ್ ಮಾಡಬಹುದು! ಮನೆಯಲ್ಲಿ ವೈಟ್‌ಬೋರ್ಡ್ ಇದ್ದಿದ್ದರೆ ಚಿತ್ರ ಬಿಡಿಸಿ ವಿವರಿಸುತ್ತಿದ್ದೆ.

ಮಾಡಿದೆವು. ಆಂಬೆಮೊಹರ್ ಗಿಡ್ಡ ಅಕ್ಕಿ, ಬೇಗ ಮುದ್ದೆಯಾಗುವಂಥದ್ದು. ಕಾಯಿಹಾಲಿನಲ್ಲಿ ಬೆಂದು ಒಳ್ಳೇ ಪರಿಮಳದ ಗಂಜಿಯಾಯಿತು. ಹುಡುಗಿ ಸೌಜನ್ಯಕ್ಕೆ ಎರಡು ಸಲ ಬಡಿಸಿಕೊಂಡಳು. ಅಮ್ಮ ನನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದರು.

ಎಲೆ ಸಿಕ್ಕಿದ್ದು ಜನವರಿಯಲ್ಲಿ, ಎಂಪ್ರೆಸ್ ಗಾರ್ಡನ್ನಿನ ಪುಷ್ಪ ಪ್ರದರ್ಶನದಲ್ಲಿ. ನಾವು ಹೋಗಿದ್ದು ಅಮ್ಮನಿಗೆ ಹೂ ತೋರಿಸಲು. ಅಲ್ಲಿ ಗಿಡ ಮಾರುವ ನರ್ಸರಿಯವರ ಸಾಲಿನಲ್ಲಿ ಹುಡುಗಿ ತಟ್ಟನೆ ನಿಂತು, ಉದ್ದ ಎಲೆಯ ಒಂದು ಗಿಡದ ಮುಂದೆ ಕೂತು, ಎಲೆಯ ತುದಿ ಚಿವುಟಿ ಮೂಗಿಗೆ ಹಿಡಿದಳು. 'ಅನ್ನಪೂರ್ಣಾ' ಎಂದ ಮಾರುವವನು, 'ಅನ್ನಕ್ಕೆ ಹಾಕಿದರೆ ಬಾಸ್ಮತಿ ವಾಸನೆ ಬರುತ್ತದೆ.' ಎರಡು ವರ್ಷ ಈ ಊರಲ್ಲಿ ಪಾಂಡನ್, ಪಾಂಡನ್ ಎಂದು ಕೇಳಿದವಳಿಗೆ ಅದು ಅನ್ನಪೂರ್ಣೆಯಾಗಿ ಕೂತಿದೆ ಎಂದು ಹೇಗೆ ಗೊತ್ತಾಗಬೇಕು? ಅಮ್ಮ ಎಲೆ ಸವರಿ ನೋಡಿ, 'ಇದ್ ನಮ್ ಮುಂಡಕದ ತಂಗಿ, ಮುಳ್ಳ್ ಮಾತ್ರ ಇಲ್ಲೆ' ಎಂದರು. ನಾವು ಅಷ್ಟಮಿಗೆ, ಚೌತಿಗೆ ಮೂಡೆ ಕಟ್ಟುವ ಮುಂಡಕದ ಎಲೆ, ಮಕ್ಕಳಿದ್ದಾಗ ಮುಳ್ಳು ಸವರಿ ಬಾಡಿಸಿ ಅಮ್ಮನಿಗೆ ಕೊಡುತ್ತಿದ್ದೆವಲ್ಲ, ಅದೇ ಕುಟುಂಬ. ಕೇದಗೆಯೂ ಅದೇ.

ಆ ಭಾನುವಾರ ಕೋಲಂ ಅಕ್ಕಿಯಲ್ಲಿ, ಎಲೆಯ ಗಂಟು ಹಾಕಿ, ಅಮ್ಮ ಹಿಂಡಿದ ಹಾಲಿನಲ್ಲಿ ಅನ್ನವಾಯಿತು. ಬ್ಲಚಾನ್ ಸುಟ್ಟದ್ದು ನಮ್ಮ ಮನೆಯ ಗ್ಯಾಸಿನ ಮೇಲೆ. ಕಿಟಕಿ ತೆರೆದೇ ಇತ್ತು, ಅಮ್ಮ ಮುಚ್ಚಗೊಡಲಿಲ್ಲ. ನನ್ನ ಹೆಂಡತಿ ಊದುಬತ್ತಿಯ ಪ್ಯಾಕೆಟ್ಟು ಕೈಗೆ ತೆಗೆದುಕೊಂಡು, ಮತ್ತೆ ಇಟ್ಟಳು. ಹುಡುಗಿ ಬಾಳೆಲೆಯ ಮೇಲೆ ಎಲ್ಲವನ್ನೂ ಜೋಡಿಸಿ, ಮೊದಲು ಫೋಟೋ ತೆಗೆದು ತಾಯಿಗೆ ಕಳಿಸಿದಳು. ನಾನು ಅವಳು ಅಳುತ್ತಾಳೇನೋ ಎಂದು ಅಂಜುತ್ತಿದ್ದೆ. ಅಳಲಿಲ್ಲ. ತಲೆ ಎತ್ತದೆ ಊಟ ಮಾಡಿದಳು, ಕೈ ನೆಕ್ಕಿದಳು, ಮತ್ತೆ ಹಾಕಿಸಿಕೊಂಡಳು. ತಾಯಿಯ ಉತ್ತರ ಬಂದದ್ದನ್ನು ಓದಿ ಹೇಳಿದಳು: 'ಸೌತೆಕಾಯಿ ತುಂಬಾ ದಪ್ಪ ಹೆಚ್ಚಿದ್ದೀಯಂತೆ.'

ನನ್ನ ಮಗಳಿಗೆ ಆಗ ಹತ್ತು ವರ್ಷ. ಅವಳು ಒಂದು ತುತ್ತು ತಿಂದು, ಚೆನ್ನಾಗಿದೆ ಎಂದು ಹೇಳಿ, ಕೆಳಗೆ ಹೋಗಿ ವಡಾಪಾವ್ ತಿಂದು ಬಂದಳು. ಅಮ್ಮನಿಗೆ ಬೇಸರವಾಯಿತು. 'ನಿಮ್ ಹೆಣ್ಣಿಗೆ ಮೀನ್ ಸೇರುದಿಲ್ಯಲ್ಲ' ಎಂದರು. ಸೇರುವುದಿಲ್ಲ. ಮೂರು ತಿಂಗಳ ರಜೆಗೆ ಊರಿಗೆ ಕಳಿಸಿದರೆ ಎರಡನೇ ವಾರಕ್ಕೆ ಮಿಸಳ್ ಬೇಕು ಎನ್ನುತ್ತಾಳೆ. ಬಚ್ಚಿಟ್ಟು ತಿನ್ನುವುದನ್ನು ನೋಡುತ್ತ ಬೆಳೆದ ಮಗುವಿಗೆ ಆ ತಿನಿಸು ಹೇಗೆ ಹಿಡಿಸೀತು ಎಂದು ಅವತ್ತು ಮೊದಲ ಸಲ ಅನ್ನಿಸಿತು. ಅಥವಾ ಅವಳು ಸುಮ್ಮನೆ ಪುಣೆಯ ಹುಡುಗಿ, ಅಷ್ಟೇ ಇರಬಹುದು.

ಫೆಬ್ರುವರಿಯಲ್ಲಿ ಮುಂಬೈಯಿಂದ ಫ್ಲ್ಯಾಟಿನ ಓನರ್ ಫೋನು ಮಾಡಿದರು. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುತ್ತಿದೆ, ಸೊಸೈಟಿಯ ನೋಟಿಸ್ ತನ್ನ ಬಳಿ ಇದೆ, ಹುಡುಗಿಯರನ್ನು ಬಿಡಿಸುತ್ತೇನೆ, ಕಮಿಟಿಯಿಂದ ಒಂದು ಪತ್ರ ಬೇಕು ಎಂದರು. ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ನನ್ನ ನಾಲ್ಕು ಸಾಲು ಚೆನ್ನಾಗಿ ಕೆಲಸ ಮಾಡಿತ್ತು.

ಮೀಟಿಂಗಿನಲ್ಲಿ ವಿಷಯ ಬಂತು. ಹೆಚ್ಚಿನವರಿಗೆ ಆಸಕ್ತಿ ಇರಲಿಲ್ಲ, ಪಾರ್ಕಿಂಗ್ ಜಗಳ ಮುಗಿಸಿ ಮನೆಗೆ ಹೋಗುವ ಆತುರ. ಒಂದು ಪತ್ರ ತಾನೇ, ಕೊಟ್ಟುಬಿಡಿ ಎಂದರು. ಆಫೀಸಿನಲ್ಲಿ ನಲವತ್ತು ಜನರ ಮುಂದೆ ಮಾತಾಡುವವನು ನಾನು, ಅಲ್ಲಿ ಹನ್ನೊಂದು ಜನರ ಮುಂದೆ ಅಂಗೈ ಬೆವರಿತು. ಮರಾಠಿಯಲ್ಲಿ ಹೇಳಿದೆ: ಅವತ್ತು ಇಲಿ ಹುಡುಕಿದಾಗಲೇ ಅದು ಏನು ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ಅದೇ ತಿನ್ನುತ್ತೇವೆ, ಹದಿಮೂರು ವರ್ಷದಿಂದ. ಅವಳಿಗೆ ಪತ್ರ ಕೊಡುವುದಾದರೆ ನಮಗೂ ಒಂದು ಕೊಡಬೇಕಾಗುತ್ತದೆ.

ಯಾರೂ ಮಾತಾಡಲಿಲ್ಲ. ಚೇರ್‌ಮನ್ ಕಾಕಾ ಕನ್ನಡಕ ತೆಗೆದು, 'ಪಣ್ ತುಮ್ಹೀ ತರ್ ಉಡುಪೀಚೆ ನಾ?' ಎಂದರು, ನಾನು ಇಷ್ಟು ವರ್ಷ ಸುಳ್ಳು ವಿಳಾಸ ಕೊಟ್ಟಿದ್ದೇನೋ ಎಂಬಂತೆ. ಆಗ ಮೊದಲ ಮಹಡಿಯ, ಮಾಲವಣ ಕಡೆಯ ಬಾಯಿಯವರು ಕೊನೆಯ ಕುರ್ಚಿಯಿಂದ ಹೇಳಿದರು, ತಮ್ಮ ಮನೆಯಲ್ಲೂ ಸುಕಟ್ ಮಾಡುತ್ತಾರೆ, ಗುರುವಾರ ಶನಿವಾರ ಬಿಟ್ಟು. ಅವರೂ ಕಿಟಕಿ ಹಾಕಿಕೊಂಡೇ ಮಾಡುತ್ತಿದ್ದರಂತೆ. ಅವರದ್ದು ಹೋಳಿ, ನಮ್ಮದೂ ಹೋಳಿ. ಒಂದೇ ದಿನ ಎರಡು ಮಹಡಿಗಳಲ್ಲಿ ಕಿಟಕಿ ಹಾಕಿ ಹುರಿದಿದ್ದೇವೆ.

ಪತ್ರ ಹೋಗಲಿಲ್ಲ. ಓನರ್ ಬಾಡಿಗೆ ಎರಡು ಸಾವಿರ ಏರಿಸಿ ಜೂನ್‌ವರೆಗೆ ಬಿಟ್ಟರು. ಇದರಿಂದ ಎಲ್ಲರೂ ಒಳ್ಳೆಯವರಾದರು ಎಂದೇನೂ ಅಲ್ಲ. ನಮ್ಮ ಮಹಡಿಯ ಎದುರು ಮನೆಯಿಂದ ಪ್ರತಿ ದೀಪಾವಳಿಗೆ ಬರುತ್ತಿದ್ದ ಫರಾಳದ ತಟ್ಟೆ ಆ ವರ್ಷದಿಂದ ಬರುತ್ತಿಲ್ಲ. ನಮ್ಮ ಮನೆಯ ಚಕ್ಕುಲಿಯನ್ನೂ ಅವರು ತೆಗೆದುಕೊಳ್ಳುವುದಿಲ್ಲ. ನನ್ನ ಹೆಂಡತಿಗೆ ಅದು ಇವತ್ತಿಗೂ ನೋವು. ಸೆಕ್ರೆಟರಿ ಕೆಲಸವೂ ಹೋಯಿತು, ಅದಕ್ಕೆ ಯಾರಿಗೂ ನೋವಿಲ್ಲ.

ಮಾರ್ಚ್‌ನಲ್ಲಿ ಅಮ್ಮ ಊರಿಗೆ ಹೊರಟ ಹಿಂದಿನ ಸಂಜೆ ಹುಡುಗಿ ಬಂದಿದ್ದಳು. ಅವಳನ್ನು ಬಾಗಿಲವರೆಗೆ ಬಿಡಲು ಹೋದಾಗ ಹೇಳಿದೆ, 'ಆ ನೋಟಿಸ್ ಇದೆಯಲ್ಲ, ಅದನ್ನು ಬರೆದದ್ದು ನಾನು.'

'ಗೊತ್ತು ಅಂಕಲ್' ಎಂದಳು. 'ಪಿಡಿಎಫ್ ಪ್ರಾಪರ್ಟೀಸ್‌ನಲ್ಲಿ ಆಥರ್ ಅಂತ ನಿಮ್ಮ ಹೆಸರು ಇತ್ತು.'

ಅಕ್ಟೋಬರಿನಿಂದಲೂ ಗೊತ್ತಿತ್ತು. ಅಮ್ಮ ಬಾಗಿಲು ತಟ್ಟಿದ ಬೆಳಿಗ್ಗೆಯೂ ಗೊತ್ತಿತ್ತು, ನನ್ನ ಆಂಬೆಮೊಹರ್ ಗಂಜಿಯನ್ನು ಎರಡು ಸಲ ಬಡಿಸಿಕೊಂಡಾಗಲೂ ಗೊತ್ತಿತ್ತು. ಇಪ್ಪತ್ತು ವರ್ಷ ಡಾಕ್ಯುಮೆಂಟುಗಳಲ್ಲೇ ಬದುಕಿದವನು ಮೆಟಾಡೇಟಾ ಅಳಿಸುವುದನ್ನು ಮರೆತಿದ್ದೆ. ನಾನು ಏನೋ ಹೇಳಲು ಹೋದೆ. ಅವಳು, 'ಅಜ್ಜಿಗೆ ಹೇಳಬೇಡಿ ಲಾ, ಅವರು ನಿಮಗೆ ಹೊಡೆಯುತ್ತಾರೆ' ಎಂದು ನಗುತ್ತಾ ಮೆಟ್ಟಿಲು ಹತ್ತಿದಳು. ನಕ್ಕಳು, ನಿಜ. ಆದರೆ ಆಮೇಲೆ ಜೂನ್‌ವರೆಗೆ ಅವಳು ಬ್ಲಚಾನ್ ಸುಡಬೇಕಾದಾಗಲೆಲ್ಲ ಕೆಳಗೆ ಬಂದು ನಮ್ಮ ಮನೆಯ ಒಲೆಯಲ್ಲೇ ಸುಟ್ಟಳು, ತನ್ನ ಮನೆಯಲ್ಲಿ ಮತ್ತೆಂದೂ ಸುಡಲಿಲ್ಲ.

ಹೋಗುವಾಗ ಅನ್ನಪೂರ್ಣೆಯ ಕುಂಡವನ್ನು ನಮ್ಮ ಬಾಲ್ಕನಿಯಲ್ಲಿಟ್ಟು ಹೋದಳು. ಈಗ ಅದು ಮೂರು ಕುಂಡವಾಗಿದೆ. ಒಂದು ಮರಿಯನ್ನು ನಾನು ಒದ್ದೆ ಬಟ್ಟೆ ಸುತ್ತಿ ಸ್ಲೀಪರ್ ಬಸ್ಸಿನಲ್ಲಿ ಊರಿಗೆ ಒಯ್ದೆ, ಈ ಸಲ ಕವರು ಹಾಕಲಿಲ್ಲ. ಅಮ್ಮ ಅದನ್ನು ಬಾವಿಕಟ್ಟೆಯ ಬದಿಗೆ, ಮುಂಡಕದ ಹಿಂಡಿಲಿ�ನ ಪಕ್ಕದಲ್ಲಿ ನೆಟ್ಟಿದ್ದಾರೆ. ಪುಣೆಗಿಂತ ಅಲ್ಲಿ ಚೆನ್ನಾಗಿ ಬೆಳೆದಿದೆ. ಕಳೆದ ಚೌತಿಗೆ ಫೋನು ಮಾಡಿದಾಗ ಮೂಡೆ ಕಟ್ಟಿಯಾಯಿತಾ ಎಂದು ಕೇಳಿದೆ.

'ಆಯ್ತ್. ಆ ಹೆಣ್ಣಿನ ಎಲೆಯಂಗೂ ಒಂದ್ ಕಟ್ಟಿ ಕಂಡೆ' ಎಂದರು. 'ಪರಿಮಳ ಲಾಯ್ಕಿತ್ತ್. ಆರೆ ಅಗಲ ಸಾಲ, ಹಿಟ್ಟೆಲ್ಲ ಸೋರಿ ಹೋಯ್ತ್.'